ಮೊದಲನೆಯದಕ್ಕೆ ದ್ವೀಪದ ಹೆಸರು

"ಇನ್ನೂ ಎಷ್ಟಕ್ಕಪ್ಪಾ ನನ್ನ ಹೆಸರು ಬಳಿಯೋದು?"

ದೋಣಿ ಕಟ್ಟುವ ಶೆಡ್ಡಿನಲ್ಲಿ ಕೇಳುವವರು ಯಾರೂ ಇರಲಿಲ್ಲ. ಕುಂಚ ಹಿಡಿದಿದ್ದ ಹಿರಿಮಗಳು ತನ್ನ ಮಾತಿಗೆ ತಾನೇ ನಕ್ಕಳು. ಹೆಸರು ಅವಳದೂ ಹೌದು, ಅಪ್ಪ ಹುಟ್ಟಿದ ದ್ವೀಪದ್ದೂ ಹೌದು. ಕಡಲು ಆ ನೆಲವನ್ನು ನುಂಗಿ, ಜನ ದಿಕ್ಕಾಪಾಲಾಗಿ ಹೋದ ಮೇಲೆ ಅಪ್ಪ ಒಂದು ನೇಮ ಹಿಡಿದಿದ್ದ. ಯಾವುದೇ ಆಗಲಿ, ಮೊದಲನೆಯದಕ್ಕೆ ದ್ವೀಪದ ಹೆಸರು. ಮೊದಲ ದೋಣಿಗೆ ಅದೇ, ಮೊದಲ ಅಂಗಡಿಗೆ ಅದೇ, ಮೊದಲು ಸಾಕಿದ ಕುಂಟು ನಾಯಿಗೂ ಅದೇ. ಎರಡನೆಯದಕ್ಕೆ ಬಾಯಿಗೆ ಬಂದದ್ದು.

"ನಾಯಿ ಹೆಸರಿನೋಳೇ" ಎಂದು ತಮ್ಮ ಎಷ್ಟು ಛೇಡಿಸಿದರೂ ಅವಳಿಗೆ ಒಳಗೊಳಗೇ ಹೆಮ್ಮೆ. ತಂಗಿಯರ ಮುಂದೆ ಅವಳು ಮೆರೆದದ್ದೆಲ್ಲ ಆ ಹೆಸರಿನ ಬಲದಲ್ಲೇ. ಈಗ ಮನೆಯ ಮೊದಲ ಇಂಜಿನ್ ದೋಣಿಯ ಮೂತಿಗೆ ಕೊನೆಯ ಅಕ್ಷರ ಬರೆಯುತ್ತಿದ್ದಳು.

"ನನ್ನ ಹೆಸರು ಯಾಕಮ್ಮಾ ಬರೀತಿದ್ದೀಯ?"

ಬಾಗಿಲಲ್ಲಿ ನರೆಗೂದಲ ಹೆಂಗಸೊಬ್ಬಳು ಚೀಲ ಹಿಡಿದು ನಿಂತಿದ್ದಳು.

"ನಿಮ್ಮದಲ್ಲ ಅಕ್ಕಾ, ನನ್ನದು. ಬೇಕಾದ್ರೆ ಎರವಲು ಕೊಡ್ತೀನಿ."

ಹೆಂಗಸು ನಗಲಿಲ್ಲ. "ನಮ್ಮಪ್ಪ ಇಟ್ಟಿದ್ದು. ಅವರು ಹುಟ್ಟಿದ ದ್ವೀಪದ ಹೆಸರಂತೆ. ಮೊದಲನೇದಕ್ಕೆಲ್ಲ ಅದೇ ಇಡೋರಂತೆ. ನಾನು ತೊಟ್ಟಿಲಲ್ಲಿದ್ದಾಗ ಕೆಲಸಕ್ಕೆ ಅಂತ ಹೊರಟೋರು, ಮತ್ತೆ ಬರಲೇ ಇಲ್ಲ. ಇಲ್ಲಿ ಅಂಗಡಿ ಮೇಲೆ ಹೆಸರು ಕಂಡೆ. ಇದ್ದಾರಾ?"

ಕುಂಚ ಕೈಯಿಂದ ಜಾರಿತು. ಬಣ್ಣ ಪಾದದ ಮೇಲೆ ಹರಿದದ್ದೂ ಅವಳಿಗೆ ತಿಳಿಯಲಿಲ್ಲ. ಹೆಂಗಸಿನದು ಅಪ್ಪನದೇ ಅಗಲ ಹಣೆ, ಅಪ್ಪನದೇ ಕೂಡುಹುಬ್ಬು. ನೂರು ಸಲ ಮುತ್ತಿಟ್ಟ ಮುಖ ಬೇರೆಯವರ ಕತ್ತಿನ ಮೇಲೆ ಬಂದು ನಿಂತಿತ್ತು.

ಅವಳು ಶೆಡ್ಡಿನ ಮೇಲಿನ ಮಹಡಿಗೆ ಓಡಿದಳು. ಅಪ್ಪ ಕಿಟಕಿಯ ಬಳಿ ಕುಳಿತು ಹರಿದ ಬಲೆಗೆ ಗಂಟು ಹಾಕುತ್ತಿದ್ದ.

"ಅಪ್ಪಾ, ಕೆಳಗೆ ಒಬ್ಬಳು ಬಂದಿದ್ದಾಳೆ. ನನ್ನ ಹೆಸರಿನೋಳು."

ದಾರ ಹಿಡಿದ ಕೈ ನಿಂತಿತು.

"ಬಂದ್ಲಾ?"

ಯಾರು ಎಂದು ಕೇಳಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಅಪ್ಪನ ಮೊಣಕಾಲಿನ ಹತ್ತಿರ ಕುಸಿದು ಕೂತಳು.

"ಯಾರೋ ಗೊತ್ತಿಲ್ಲ ಅನ್ನಪ್ಪಾ. ನಾನೇ ಮೊದಲನೇವಳು ಅಂತ ಒಂದೇ ಒಂದ್ಸಲ ಅಂದುಬಿಡು. ನಾನು ನಂಬ್ತೀನಿ. ಅವಳನ್ನ ನಾನೇ ಕಳಿಸಿ ಬರ್ತೀನಿ."

ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟ.

"ಅನ್ನಲ್ಲ ಮಗಳೇ."