ಚಾಚಿದ ಕೈ

ಬೇಲೂರಿನಲ್ಲಿ ಹೊಸದಾಗಿ ತೆರೆಯಲಿದ್ದ ಹೋಟೆಲಿನ ಕೌಂಟರ್ ಕೆಲಸಕ್ಕೆ ಅಂದು ಕೊನೆಯ ಪರೀಕ್ಷೆ. ಪ್ರವಾಸಿಗರ ಜೊತೆ ಸಲಿಗೆಯಿಂದ ಕೈ ಕುಲುಕುವಾಗ ಆಡುವ ಇಂಗ್ಲಿಷ್ ಮಾತುಗಳನ್ನು ತರಬೇತಿ ಕೊಡುತ್ತಿದ್ದ ನಂದಿತಾ ಮೇಡಂ ಬೋರ್ಡಿನ ಮೇಲೆ ಬರೆದಿದ್ದರು: ಪುಟ್ ಇಟ್ ದೇರ್, ಗಿವ್ ಮಿ ಫೈವ್, ಲೆಟ್ಸ್ ಶೇಕ್ ಆನ್ ಇಟ್. ಜೋಡಿಯಲ್ಲಿ ಒಬ್ಬರು ಹೇಳಿ ಕೈ ಚಾಚಬೇಕು, ಇನ್ನೊಬ್ಬರು ಹಿಡಿಯಬೇಕು. ತಡವರಿಸಿದರೆ ಇಬ್ಬರೂ ಮನೆಗೆ.

"ಕೈ ಕೊಡೋದು ಅಂದ್ರೆ ನಮ್ಮ ಕಡೆ ಮೋಸ ಮಾಡೋದು ಮೇಡಂ," ಎಂದ ಪರೀಕ್ಷೆಗೆ ಬಂದವರಲ್ಲೊಬ್ಬನಾದ ಸುನಿಲ್. ಉಳಿದವರು ನಕ್ಕರು.

ಉಮಾಶಂಕರ್ ನಗಲಿಲ್ಲ. ಅವನ ಜೋಡಿಯಾಗಿ ಬಂದವನು ಅವನದೇ ಊರಿನ ಶಿವಪ್ರಕಾಶ್. ಉಮಾಶಂಕರನ ಅಪ್ಪ ಗಿಡ್ಡಯ್ಯ ಜೀವಮಾನವೆಲ್ಲ ದುಡಿದದ್ದು ಶಿವಪ್ರಕಾಶನ ಅಪ್ಪ ಷಡಕ್ಷರಪ್ಪನವರ ಹೊಲದಲ್ಲಿ. ಈ ಕೆಲಸ ತಪ್ಪಿದರೆ ಮಗನಿಗೂ ಅದೇ ಹೊಲ. ಯುಗಾದಿಯ ದಿನ ಅಪ್ಪ ಮಗ ಆ ಮನೆಯ ಹೊಸ್ತಿಲಾಚೆ ನಿಂತು ಕೈಯೊಡ್ಡಿದರೆ ಒಬ್ಬಟ್ಟು ಗೇಣು ಮೇಲಿನಿಂದ ಬೀಳುತ್ತಿತ್ತು. ಬೆರಳಿಗೆ ಬೆರಳು ಎಂದೂ ತಾಗಿದ್ದಿಲ್ಲ.

"ಲೆಟ್ಸ್ ಶೇಕ್ ಆನ್ ಇಟ್," ಎಂದು ಉಮಾಶಂಕರ್ ಕೈ ಚಾಚಿದ. ಮಾತು ಸರಿಯಾಗಿಯೇ ಬಂತು. ಕೈ ಮಾತ್ರ ಅಂಗೈ ಮೇಲಾಗಿ, ಬೆರಳು ಬಾಗಿಸಿಕೊಂಡು ಮುಂದೆ ಹೋಗಿತ್ತು. ಶಿವಪ್ರಕಾಶನ ಕೈ ಅದರ ಗೇಣು ಮೇಲೆ ಬಂದು ಅಲ್ಲೇ ನಿಂತಿತು.

"ಇದೇನ್ರೀ, ತೀರ್ಥ ತಗೋತಿದ್ದೀರಾ?" ಎಂದರು ಮೇಡಂ.

ಮತ್ತೆ ನಗು. ಅದು ತೀರ್ಥದ ಕೈಯಲ್ಲವೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ.

"ಇನ್ನೊಂದೇ ಸಲ. ಈಗ ಶಿವಪ್ರಕಾಶ್ ಹೇಳಲಿ."

ಶಿವಪ್ರಕಾಶ್ ಹೇಳಿದ. ಕೈ ನೆಟ್ಟಗೆ ಮುಂದೆ ಬಂತು. ಉಮಾಶಂಕರ್ ಆ ಕೈಯನ್ನೇ ನೋಡುತ್ತ ನಿಂತ. ಅವನ ಕೈ ಮೇಲೇಳಲಿಲ್ಲ.

"ಹಿಡ್ಕಳ್ಲಾ, ಇಬ್ರುದೂ ಹೋಯ್ತದೆ," ಶಿವಪ್ರಕಾಶ್ ತುಟಿಯಲ್ಲೇ ಗೊಣಗಿದ.

"ಊರಲ್ಲೂ ಕೊಡ್ತೀರಾ?" ಉಮಾಶಂಕರನ ದನಿಯೂ ಅಷ್ಟೇ ತಗ್ಗಿತ್ತು.

ಶಿವಪ್ರಕಾಶ್ ನೆಲ ನೋಡಿದ. ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಚಾಚಿದ ಕೈ ಮಾತ್ರ ಹಿಂದೆ ಸರಿದಿರಲಿಲ್ಲ.

"ಅಪ್ಪ ಇಲ್ದಾಗ," ಎಂದ ಶಿವಪ್ರಕಾಶ್.

ಬರೀ ಹೂಂ ಅಂದುಬಿಡುವುದು ಶಿವಪ್ರಕಾಶನಿಗೆ ಸುಲಭವಿತ್ತು. ಅನ್ನಲಿಲ್ಲ. ಉಮಾಶಂಕರನಿಗೆ ಸಿಟ್ಟು ಇಳಿಯಲಿಲ್ಲ, ಆದರೆ ಈ ಉತ್ತರದಲ್ಲಿ ಸುಳ್ಳಿರಲಿಲ್ಲ. ಅವನು ಆ ಕೈಯನ್ನು ಬಿಗಿಯಾಗಿ ಹಿಡಿದ. ಅದು ಬೆವರಿ ಒದ್ದೆಯಾಗಿತ್ತು.

"ಸಾಕು, ಆಯ್ತು," ಎಂದು ಮೇಡಂ ಇಬ್ಬರ ಹೆಸರಿಗೂ ಗುರುತು ಹಾಕಿದರು.

ಶಿವಪ್ರಕಾಶ್ ತಲೆಯೆತ್ತಿ ಮುಖ ನೋಡುವವರೆಗೂ ಉಮಾಶಂಕರ್ ಬಿಡಲಿಲ್ಲ.