ಭಾರಿ ಪ್ರಾಣಿಯ ಪಿಕ್ಚರು

ಗುಡಗೇರಿಯ ಮಹಾದೇವಕ್ಕನಿಗೂ ಬಾಜು ಮನೆಯ ಖಾಸಿಂಬಿಗೂ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಬರುವ ಭಾರಿ ಪ್ರಾಣಿಗಳ ಪಿಕ್ಚರೆಂದರೆ ಜೀವ. ಇಬ್ಬರಿಗೂ ಅರವತ್ತು ದಾಟಿತ್ತು. ಸಮುದ್ರದಿಂದೆದ್ದ ಹಲ್ಲಿಯಂಥದ್ದೊಂದು ಅಲ್ಲಿ ಸೇತುವೆ ಮುರಿಯುತ್ತಿದ್ದರೆ, ಇಲ್ಲಿ ಇವರು ಶೇಂಗಾ ಒಡೆಯುತ್ತ, ಇದು ಖರೇನೇ ಭಾರಿ ಪ್ರಾಣಿ ಪಿಕ್ಚರು ಹೌದೋ ಅಲ್ಲವೋ ಎಂದು ವಾದಕ್ಕೆ ಬೀಳುತ್ತಿದ್ದರು.

ಮಹಾದೇವಕ್ಕನಿಗೆ ಪ್ರಾಣಿ ದೊಡ್ಡದಿದ್ದರೆ ಸಾಕು. ಖಾಸಿಂಬಿ ಒಪ್ಪುತ್ತಿರಲಿಲ್ಲ.

"ಅಡವ್ಯಾಗ ಮಂದೀನ ನುಂಗೂ ಹಾವು ಎಷ್ಟ ದೊಡ್ಡದಿದ್ರೂ ಅದು ಹಾವಿನ ಪಿಕ್ಚರ ಅಷ್ಟ. ಪ್ರಾಣಿ ಊರಾಗ ಬರಬೇಕು. ಮಂದಿ ಕುತಗಿ ಎತ್ತಿ ನೋಡಬೇಕು. ಮತ್ತ ಅದರಂಥಾದ್ದು ಇನ್ನೊಂದು ಎಲ್ಲೂ ಇರಬಾರದು. ಅದು ಸತ್ತಾಗ ನಮ್ಮ ಕರುಳ ಚುರ್ ಅನಬೇಕು."

ಹೋದ ವರ್ಷ ಗಂಡ ತೀರಿಕೊಂಡ ಮೇಲೆ ಖಾಸಿಂಬಿ ತವರೂರು ನವಲಗುಂದಕ್ಕೆ ಹೋದಳು. ಅಲ್ಲಿ ಅಕ್ಕ ಶರೀಫಾಬಿಗೆ ಜಮಖಾನೆ ಮಗ್ಗದಲ್ಲಿ ಜೊತೆಗೆ ಕೂರುವವರು ಬೇಕಿತ್ತು. ಖಾಸಿಂಬಿ ಹುಡುಗಿಯಾಗಿದ್ದಾಗಲೇ ಕಲಿತ ಕೆಲಸ ಅದು. ನಾಲ್ಕು ದಿನಕ್ಕೆಂದು ಹೋದವಳು ಅಲ್ಲೇ ಉಳಿದಳು. ಫೋನ್ ಮಾಡಿದರೆ ಮಗ್ಗದ ಸಪ್ಪಳದಲ್ಲಿ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಮಹಾದೇವಕ್ಕ ಒಬ್ಬಳೇ ಪಿಕ್ಚರು ನೋಡುವಳು. ವಾದ ಮಾಡುವವರಿಲ್ಲದೆ ಟಿವಿ ಸಪ್ಪಗಾಗಿತ್ತು.

ಒಂದು ಭಾನುವಾರ ಬಂದ ಪಿಕ್ಚರಿನಲ್ಲಿ, ಊರನ್ನೆಲ್ಲ ತುಳಿದ ಪ್ರಾಣಿ ಸಾಯಲಿಲ್ಲ. ಕೊನೆಯಲ್ಲಿ ಅಂಥದೇ ಇನ್ನೊಂದು ನೀರಿನಿಂದ ಎದ್ದಿತು. ಎರಡೂ ಕೂಡಿ ಸಮುದ್ರದೊಳಗೆ ಹೋದವು. ಮಹಾದೇವಕ್ಕನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಮರುದಿನ ಸೊಸೆ ಐಶ್ವರ್ಯಳಿಗೆ ಹೇಳಿ, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ನವಲಗುಂದಕ್ಕೆ ಹೋದಳು.

ಖಾಸಿಂಬಿ ಅಕ್ಕನ ಜೊತೆ ಮಗ್ಗದ ಮುಂದೆ ಕೂತು, ಬಾಚಣಿಗೆಯಂಥ ಕಬ್ಬಿಣದ ಪಂಜಾದಿಂದ ನೂಲು ಬಡಿದು ಕೂರಿಸುತ್ತಿದ್ದಳು. ಗೆಳತಿಯನ್ನು ಕಂಡವಳೇ ಎದ್ದು ಬಂದು ತಬ್ಬಿಕೊಂಡಳು. ಚಾ ಕುಡಿಯುತ್ತ ಪಿಕ್ಚರಿನ ಕೊನೆ ಕೇಳಿ ತಲೆ ಅಲ್ಲಾಡಿಸಿದಳು.

"ಜೋಡಿ ಸಿಕ್ಕ ಮ್ಯಾಲೆ ಅದು ಸಂಸಾರದ ಪಿಕ್ಚರಾತು, ಮಾದೇವಕ್ಕ. ಲೆಕ್ಕಕ್ಕಿಲ್ಲ."

"ಬಿಲ್ಡಿಂಗ್ ಎಲ್ಲಾ ಪುಡಿ ಮಾಡೇತಲ್ಲಬೇ."

"ಮಾಡ್ಲಿ. ಅದು ಒಂಟಿ ಇತ್ತಂತ ನಾವು ಅಳತಿದ್ವಿ. ಇನ್ನ ಯಾಕ ಅಳೂದು?"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಮಹಾದೇವಕ್ಕ ಮೆಲ್ಲಗೆ ಕೇಳಿದಳು, "ಮತ್ತ ನೀ ಯಾವಾಗ ಬರ್ತಿ ಊರಿಗೆ?"

ಖಾಸಿಂಬಿ ಕಪ್ಪು ಕೆಳಗಿಟ್ಟಳು. "ನಿನಗ ಸುಳ್ಳ ಹೇಳಾಕ ಆಗೂದಿಲ್ಲ. ಇಲ್ಲೆ ಮುಂಜಾನೆದ್ರ ಕೈಗೆ ಕೆಲಸ ಐತಿ, ಅಕ್ಕ ಅದಾಳ. ಅಲ್ಲೆ ಬಾಗಲಾ ತಗದ್ರ ಅವರ ಚಪ್ಪಲಿ ಕಾಣತಾವು. ನಾ ಬರೂದಿಲ್ಲ."

ಹೇಗಾದರೂ ಮಾಡಿ ಕರೆದುಕೊಂಡು ಹೋಗಬೇಕೆಂದೇ ಬಂದಿದ್ದವಳು ಮಹಾದೇವಕ್ಕ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಬಾಯಿಗೆ ಬಂದವು. ಮಗ್ಗದ ಮೇಲೆ ಅರ್ಧ ಮೂಡಿದ್ದ ಕೆಂಪು ಹೂವಿನ ಕಡೆ ನೋಡಿದಳು. "ಆತು ಬಿಡು," ಎಂದಳು.

"ಪಿಕ್ಚರ ಮೊದಲಿಂದ ಹೇಳು," ಎಂದು ಖಾಸಿಂಬಿ ಮತ್ತೆ ಮಗ್ಗಕ್ಕೆ ಕೂತಳು. "ಏನೂ ಬಿಡಬ್ಯಾಡ."

ಮಹಾದೇವಕ್ಕ ಹೇಳುತ್ತ ಹೋದಳು. ಶರೀಫಾಬಿಯೂ ಕೈ ನಿಲ್ಲಿಸಿ ಕೇಳಿದಳು. ಬಿಸಿಲಿಳಿದ ಮೇಲೆ ಅಕ್ಕತಂಗಿಯರಿಬ್ಬರೂ ಬಂದು ಬಸ್ಸು ಹತ್ತಿಸಿದರು.

ಹುಬ್ಬಳ್ಳಿಯಲ್ಲಿ ಗುಡಗೇರಿ ಬಸ್ಸಿಗೆ ಕಾಯುತ್ತ ನಿಂತಾಗ ಮಹಾದೇವಕ್ಕನಿಗೆ ಅಳು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಐಶ್ವರ್ಯಳಿಗೆಂದು ಚಿಕ್ಕು ಹಣ್ಣು ಕೊಂಡು, ಬಂದ ಬಸ್ಸು ಹತ್ತಿದಳು.