ಅಪ್ಪಯ್ಯನ ಕಲ್ಲಿನ ಗುರ್ತ

ಗಂಗೊಳ್ಳಿಯ ಎದುರಿನ ಕಡಲಲ್ಲಿ, ಹನ್ನೆರಡು ಮಾರು ನೀರಿನಡಿ, ನನ್ನ ಅಪ್ಪಯ್ಯ ದೇವು ಅವರಿಗೆ ಮಾತ್ರ ಗೊತ್ತಿದ್ದ ಒಂದು ಕಲ್ಲಿತ್ತು. ಅದರ ಸಂದಿಯಲ್ಲಿ ಒಳ್ಳೆ ಬೆಲೆ ಬರುವ ಮುರುಮೀನು. ಬೇರೆಯವರು ಬರಿಗೈಯಲ್ಲಿ ಬಂದ ದಿನವೂ ನಮ್ಮ ಬುಟ್ಟಿ ಖಾಲಿ ಇರುತ್ತಿರಲಿಲ್ಲ. ಕಡಲಿಂದ ನೋಡುವಾಗ ದಡದ ಯಾವುದು ಯಾವುದರ ನೇರಕ್ಕೆ ಬಂದರೆ ಕಲ್ಲು ಕೆಳಗಿದೆ ಎಂಬುದೇ ಅದರ ಗುರ್ತ. ಗುರ್ತವನ್ನು ಬರೆದಿಡಬಾರದು, ಮಗನಿಗೆ ದೋಣಿ ಒಪ್ಪಿಸುವ ದಿನ ಬಾಯಲ್ಲಿ ಹೇಳಬೇಕು. ಹೆಣ್ಣುಮಕ್ಕಳಿಗಂತೂ ಹೇಳುವಂತೆಯೇ ಇಲ್ಲ. ನಾಳೆ ಇನ್ನೊಂದು ದೋಣಿಯ ಮನೆ ಸೇರುವವರು ನೋಡಿ!

ಆ ದಿನ ಬರುವ ಮೊದಲೇ, 2017ರ ದೀಪಾವಳಿ ಕಳೆದ ವಾರ, ಅಪ್ಪಯ್ಯನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ತಮ್ಮ ಶೈಲೇಶ್ ಎಷ್ಟೋ ವರ್ಷ ಅದೇ ದೋಣಿಯಲ್ಲಿ ಹೋದವನು, ಆದರೆ ಕಲ್ಲು ಹತ್ತಿರವಾದಾಗ ಅಪ್ಪಯ್ಯ ಅವನನ್ನು ದಡಕ್ಕೆ ಬೆನ್ನು ಹಾಕಿ ಕೂರಿಸುತ್ತಿದ್ದರು. ಈಗ ಅವನು ತಳ ತಡಕಲು ದಿನವಿಡೀ ಗುಂಡು ಕಟ್ಟಿದ ಹಗ್ಗ ಇಳಿಸಿ, ಬರೀ ಮರಳು ಮುಟ್ಟಿ ಬರುತ್ತಿದ್ದ. ಅವನು ಅಂಗಳಕ್ಕೆ ಕಾಲಿಟ್ಟಾಗಲೆಲ್ಲ ಅಪ್ಪಯ್ಯನ ಕಣ್ಣಲ್ಲಿ ನೀರು. ಹೇಳಬೇಕಾದದ್ದು ಗಂಟಲಲ್ಲೇ ಉಳಿದ ಮನುಷ್ಯನ ಸಂಕಟ ನೋಡಲಾಗುತ್ತಿರಲಿಲ್ಲ.

ನಾನು ಹರಿಣಾಕ್ಷಿ. ಕುಂದಾಪುರದಲ್ಲಿ ಅಂಗಡಿ, ಹೋಟೆಲುಗಳಿಗೆ ವೆಬ್‌ಸೈಟ್ ಮಾಡುವ ಕೆಲಸ. ನನಗೆ ತಾಳ್ಮೆ ಕಡಿಮೆ ಎಂದು ಅಮ್ಮ ಜಲಜ ಊರಿಗೆಲ್ಲ ಹೇಳಿಟ್ಟಿದ್ದಾಳೆ. ಒಂದು ದಿನ ಶೈಲೇಶನಿಗೆ, "ಕಡಲಿಂದ ದಡದ್ ಫೋಟೋ ತೆಗ್ದ್ಕಂಡ್ ಬಾ" ಎಂದೆ. ಅದರಲ್ಲಿ ಎದ್ದು ಕಾಣುವ ಮೂರನ್ನು ಆರಿಸಿ ಕಂಪ್ಯೂಟರಿನಲ್ಲಿ ಚಿತ್ರ ಮಾಡಿದೆ. ಒಂಟಿ ತೆಂಗಿಗೆ ಒಂದು ನೆಟ್ಟನೆಯ ಗೆರೆ, ನೀರಿನ ಟ್ಯಾಂಕಿಗೆ ವೃತ್ತ, ಐಸ್ ಪ್ಲಾಂಟಿಗೆ ಚೌಕ. ವೃತ್ತ, ಚೌಕ ಎರಡೂ ಪರದೆಯ ಎಡತುದಿಯಿಂದ ಎಷ್ಟು ದೂರ ಎನ್ನುವುದಕ್ಕೆ, ಚಿತ್ರದ ಅಳತೆ ಬರೆಯುವ ಸ್ಟೈಲ್‌ಶೀಟಿನಲ್ಲಿ ಒಂದೊಂದು ಸಂಖ್ಯೆ. ಸಂಖ್ಯೆ ಏರಿಸಿದರೆ ಆಕಾರ ಬಲಕ್ಕೆ ಸರಿಯುತ್ತದೆ. (ತೆಂಗು, ಐಸ್ ಪ್ಲಾಂಟ್ ಎಂದದ್ದನ್ನು ನಂಬಿ ಯಾರೂ ಗಾಳ ಹಿಡಿದು ಹೊರಡಬೇಡಿ. ನಿಜವಾದ ಗುರ್ತ ಬೇರೆಯೇ ಇದೆ.)

"ಅಪ್ಪಯ್ಯ, ಸಮಾ ಜಾಗಕ್ ಬಂದಾಗ ಎಡ್ಗೈ ಎತ್ತಿ" ಎಂದೆ.

ಟ್ಯಾಂಕಿ ಸರಿಸಿದೆ. ಅಪ್ಪಯ್ಯ ಕಣ್ಣು ಮುಚ್ಚಿಕೊಂಡರು, ಅಂದರೆ ಅದಲ್ಲ. ಐಸ್ ಪ್ಲಾಂಟ್ ಸರಿಸಲು ಹೊರಟರೆ ಅದು ಅಲ್ಲಾಡಲೇ ಇಲ್ಲ. ನೋಡಿದರೆ, ವೃತ್ತದ ಸಂಖ್ಯೆಯ ಹಿಂದೆ ಬರೆಯುವ ಸಿಎಕ್ಸ್ ಎಂಬ ಹೆಸರನ್ನೇ ಅವಸರದಲ್ಲಿ ಚೌಕಕ್ಕೂ ಬರೆದಿದ್ದೆ. ಚೌಕಕ್ಕೆ ಬರೀ ಎಕ್ಸ್. ತಿದ್ದಿದ ಕೂಡಲೇ ಐಸ್ ಪ್ಲಾಂಟ್ ತೆಂಗಿನ ಹಿಂದೆ ಜಾರತೊಡಗಿತು. ಅಪ್ಪಯ್ಯ ಹಾಸಿಗೆಯಿಂದ ಅರ್ಧ ಎದ್ದರು. ತೆಂಗು ಅದರ ನಟ್ಟ ನಡುವಿಗೆ ಬಂದಾಗ ಅವರ ಕೈ ನಡುಗಿತು. "ಸಿಕ್ತ್!" ಎಂದು ಕೂಗಿ ನಾನು ಅಲ್ಲಿಗೇ ನಿಲ್ಲಿಸಿಬಿಟ್ಟೆ.

ಮರುದಿನ ಶೈಲೇಶ್ ಅದೇ ನೇರ ಹಿಡಿದು, ಹಗ್ಗ ಹನ್ನೆರಡು ಮಾರು ಇಳಿಯುವಲ್ಲಿಯವರೆಗೆ ಹೋದ. ಮತ್ತೆ ಮರಳೇ. "ಅಕ್ಕ, ನಿನ್ ಚಿತ್ರ ನಂಬ್ಕಂಡ್ ಹೋದ್ರೆ ಕಲ್ಲೂ ಇಲ್ಲೆ, ಮಣ್ಣೂ ಇಲ್ಲೆ" ಎಂದ. ನನಗೆ ಸಿಟ್ಟು ನೆತ್ತಿಗೇರಿತು, ಅವನ ಮೇಲಲ್ಲ, ನನ್ನ ಮೇಲೆ. ಅಪ್ಪಯ್ಯನ ಕೈ ಎದ್ದಿರಲೇ ಇಲ್ಲ, ಬರೀ ನಡುಗಿತ್ತು. ವೆಬ್‌ಸೈಟಿನಲ್ಲಿ ಎಲ್ಲವನ್ನೂ ನಡುವಿಗೆ ಕೂರಿಸುವುದೇ ಕಸುಬಾದ ನನಗೆ ನಡು ಕಂಡದ್ದೇ ಸಾಕಾಗಿತ್ತು.

ಆ ಸಂಜೆ ಮತ್ತೆ ಕುಳಿತೆ. ಬಾಯಿ ಮುಚ್ಚಿಕೊಂಡು ಒಂದೊಂದೇ ಅಂಕಿ ಏರಿಸಿದೆ. ನಡು ದಾಟಿತು. ಐಸ್ ಪ್ಲಾಂಟಿನ ಎಡಗೋಡೆ ತೆಂಗನ್ನು ಮುಟ್ಟಿದ್ದೇ ತಡ, ಅವರ ಎಡಗೈ ತಲೆಯ ಮೇಲಕ್ಕೆ ಹೋಗಿ ಹಾಗೇ ನಿಂತಿತು. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು.

"ಎಂತ ಆಯ್ತೇ?"

ನಾನು ಸಂಖ್ಯೆ ನೋಡಿದೆ. ನಾನ್ನೂರ ಹನ್ನೆರಡು. ತೆಂಗಿನ ಗೆರೆ ನಿಂತದ್ದೂ ನಾನ್ನೂರ ಹನ್ನೆರಡರಲ್ಲೇ. ಕಂಪ್ಯೂಟರ್ ವೃತ್ತದ ಜಾಗವನ್ನು ಅದರ ನಡುವಿನಿಂದ ಅಳೆಯುತ್ತದೆ, ಚೌಕದ ಜಾಗವನ್ನು ಅಪ್ಪಯ್ಯನ ಹಾಗೆಯೇ ಎಡ ಅಂಚಿನಿಂದ. ಆ ಯಂತ್ರವನ್ನು ಮುಟ್ಟಿಯೂ ನೋಡದ ಅಪ್ಪಯ್ಯ, ನಲವತ್ತು ವರ್ಷ ಕುಣಿಯುವ ದೋಣಿಯಲ್ಲಿ ನಿಂತು, ಆ ಒಂದು ಅಂಚನ್ನು ನೋಡುತ್ತಾ ಕಣ್ಣಿಗೆ ಕಾಣದ ಕಲ್ಲಿನ ಮೇಲೆ ಬಂದು ನಿಲ್ಲುತ್ತಿದ್ದರು! ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಈ ಮನುಷ್ಯನನ್ನು ನೋಡಿಯೇ ಇರಲಿಲ್ಲ ಅನಿಸಿತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಶೈಲೇಶನ ಫೋನ್. ಸ್ಪೀಕರ್ ಹಾಕಿ ದಿಂಬಿನ ಪಕ್ಕ ಇಟ್ಟೆ. ಗಾಳಿಯ ಸದ್ದು, ಆಮೇಲೆ ಕೂಗು.

"ಹ್ವಾಯ್ ಅಪ್ಪಯ್ಯ! ಗುಂಡ್ ಕಲ್ಲಿಗ್ ತಾಗ್ತ್! ಕೈಗೇ ಗೊತ್ತಾಯ್ತ್!"

ಅಪ್ಪಯ್ಯ ಅರ್ಧ ಬಾಯಲ್ಲಿ ನಕ್ಕರು. ನಗುತ್ತಲೇ ಅತ್ತರು. ಆಮೇಲೆ ಎಡಗೈಯಿಂದ ಕಂಪ್ಯೂಟರ್ ತೋರಿಸಿ, ಗಾಳಿಯಲ್ಲಿ ಒರೆಸಿದರು. ಗುರ್ತ ಬರೆದಿಡಬಾರದು. ಎಕ್ಸ್ ಮುಂದಿನ ಸಂಖ್ಯೆ ತೆಗೆದು ಸೊನ್ನೆ ಹಾಕಿದೆ. ಐಸ್ ಪ್ಲಾಂಟ್ ಪರದೆಯ ಎಡತುದಿಗೆ ಹೋಗಿ ನಿಂತಿತು. ಫೈಲನ್ನೂ ಫೋಟೋವನ್ನೂ ಅಳಿಸಿದೆ.

"ಹೋಯ್ತ್ ಅಪ್ಪಯ್ಯ. ಇನ್ನ್ ಎಲ್ಲೂ ಇಲ್ಲೆ" ಎಂದೆ.

ಅವರು ಅಲ್ಲವೆಂಬಂತೆ ತಲೆಯಾಡಿಸಿದರು. ಎಡಗೈ ಚಾಚಿ ತೋರುಬೆರಳಿಂದ ನನ್ನ ಹಣೆ ಮುಟ್ಟಿದರು. ಆಮೇಲೆ ಅದೇ ಬೆರಳನ್ನು ನನ್ನ ತುಟಿಯ ಮೇಲಿಟ್ಟರು.